ಕಾಮಾಲೆ, ನೆಲನೆಲ್ಲಿ ಮತ್ತು ಕಾಪಾಡುವುದೆಂಬ ಮಾತು



ನನಗೆ ಒಂಬತ್ತು ವರ್ಷವಿದ್ದಾಗ ಕಾಮಾಲೆ ಬಂತು. ನಾಲ್ಕು ದಿನ ಜ್ವರ, ಅನ್ನ ಕಂಡರೆ ವಾಕರಿಕೆ. ಐದನೆಯ ದಿನ ಬೆಳಿಗ್ಗೆ ಅಮ್ಮ ನನ್ನನ್ನು ಅಂಗಳದ ಬಿಸಿಲಿಗೆ ಕರೆದೊಯ್ದು, ಕೆಳರೆಪ್ಪೆ ಎಳೆದು ನೋಡಿ, "ಅರಿಶಿನ ಕಾಮಾಲೆ" ಎಂದಳು. ಮಧ್ಯಾಹ್ನದೊಳಗೆ ಅಜ್ಜಿ ತೋಟದ ಕಾಲುವೆಯ ಬದಿಯಿಂದ ಒಂದು ಹಿಡಿ ನೆಲನೆಲ್ಲಿಯನ್ನು ಬೇರುಸಮೇತ ಕಿತ್ತು ತಂದಿದ್ದಳು. ಮಣ್ಣು ತೊಳೆದು, ಒರಳಲ್ಲಿ ಅರೆದು, ಮಜ್ಜಿಗೆಯಲ್ಲಿ ಕದಡಿ ಲೋಟದಲ್ಲಿ ಕೊಟ್ಟಳು. ಏಳು ದಿನ ಬರಿಹೊಟ್ಟೆಗೆ ಅದೇ. ಜೊತೆಗೆ ಪಥ್ಯ: ಎಣ್ಣೆ ಇಲ್ಲ, ಖಾರ ಇಲ್ಲ, ಗಂಜಿ ಮತ್ತು ಎಳನೀರು ಮಾತ್ರ. ಮೂರು ವಾರಕ್ಕೆ ನಾನು ಶಾಲೆಗೆ ಹೋದೆ.

ಆ ಕಹಿ ಇಂದಿಗೂ ನಾಲಗೆಯ ಮೇಲಿದೆ. ನಾನು ಔಷಧವಿಜ್ಞಾನ ಓದಲು ಹೋದದ್ದಕ್ಕೂ ಆ ಲೋಟವೇ ಕಾರಣ. ಅಜ್ಜಿಯ ಗಿಡ ನನ್ನ ಯಕೃತ್ತನ್ನು, ಈಗ ಎಲ್ಲರೂ ಅನ್ನುವ ಹಾಗೆ ನನ್ನ ಲಿವರನ್ನು, ಕಾಪಾಡಿತೆಂದು ನಾನು ಸಂಪೂರ್ಣವಾಗಿ ನಂಬಿದ್ದೆ. ಹೇಗೆ ಕಾಪಾಡಿತು ಎನ್ನುವುದನ್ನು ಪ್ರಯೋಗಾಲಯದಲ್ಲಿ ಹುಡುಕುವುದಷ್ಟೇ ಬಾಕಿ ಎಂದುಕೊಂಡಿದ್ದೆ. ಈ ಸಂಜೆ ಮಾತಾಡಬೇಕೆಂದಿರುವುದು ಆ 'ಕಾಪಾಡಿತು' ಎಂಬ ಒಂದು ಕ್ರಿಯಾಪದದ ಬಗ್ಗೆ. ಗಿಡಮೂಲಿಕೆಯ ಸಾರ ಅಂಗಾಂಗಗಳನ್ನು ಪೆಟ್ಟಿನಿಂದ ಕಾಪಾಡುತ್ತದೆ ಎಂದು ಸಾವಿರಾರು ಸಂಶೋಧನಾ ಲೇಖನಗಳು ಹೇಳುತ್ತವೆ. ಔಷಧದ ಬಾಟಲಿಯ ಮೇಲೂ ಹಾಗೆಯೇ ಬರೆದಿರುತ್ತದೆ. ಯಾರನ್ನು, ಯಾವುದರಿಂದ, ಯಾವಾಗ ಕಾಪಾಡುತ್ತದೆ ಎಂಬ ಪ್ರಶ್ನೆ ಮಾತ್ರ ಹಿಂದೆಯೇ ಉಳಿದುಬಿಡುತ್ತದೆ.

ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಾನು ಮಾಡಿದ ಪ್ರಯೋಗವನ್ನೇ ಹೇಳುತ್ತೇನೆ. ಇದನ್ನು ದೇಶದ ಅನೇಕ ಫಾರ್ಮಸಿ ಕಾಲೇಜುಗಳಲ್ಲಿ ಇಂದಿಗೂ ಹೆಚ್ಚುಕಡಿಮೆ ಹೀಗೆಯೇ ಮಾಡುತ್ತಾರೆ. ಗುಂಪಿಗೆ ಆರರಂತೆ ಬಿಳಿ ಇಲಿಗಳು. ಒಂದು ಗುಂಪಿಗೆ ಏನೂ ಇಲ್ಲ. ಇನ್ನೊಂದಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷವನ್ನು ಆಲಿವ್ ಎಣ್ಣೆಯಲ್ಲಿ ಬೆರೆಸಿ ಹೊಟ್ಟೆಗೆ ಚುಚ್ಚುತ್ತೇವೆ. ಮತ್ತೊಂದು ಗುಂಪಿಗೆ ಏಳು ದಿನ ಗಿಡದ ಸಾರ ಕುಡಿಸಿ, ಆಮೇಲೆ ಅದೇ ವಿಷ. ಮರುದಿನ ರಕ್ತ ತೆಗೆದು ಎಸ್‌ಜಿಓಟಿ, ಎಸ್‌ಜಿಪಿಟಿ ನೋಡುತ್ತೇವೆ. ಯಕೃತ್ತಿನ ಜೀವಕೋಶದೊಳಗೆ ಇರಬೇಕಾದ ಕಿಣ್ವಗಳು ಇವು. ರಕ್ತದಲ್ಲಿ ಅವು ಏರಿವೆ ಎಂದರೆ ಕೋಶಗಳು ಒಡೆದು ಸೋರುತ್ತಿವೆ ಎಂದರ್ಥ.

ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಆ ಯಕೃತ್ತಿನ ಪದರವನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಆರೋಗ್ಯವಂತ ಯಕೃತ್ತಿನಲ್ಲಿ ನಡುವೆ ಒಂದು ಪುಟ್ಟ ರಕ್ತನಾಳ, ಅದರಿಂದ ಸುತ್ತಲೂ ಚಕ್ರದ ಅರಗಳಂತೆ ಹೊರಟ ಕೋಶಗಳ ಸಾಲು. ವಿಷ ತಿಂದ ಯಕೃತ್ತಿನಲ್ಲಿ ಆ ನಡುನಾಳದ ಸುತ್ತಲ ಕೋಶಗಳೇ ಸತ್ತಿದ್ದವು: ಬಣ್ಣ ಮಾಸಿ, ಕೊಬ್ಬಿನ ಗುಳ್ಳೆ ತುಂಬಿ, ಕೋಶಕೇಂದ್ರ ಅಳಿಸಿಹೋಗಿ. ಅಂಚಿನ ಕೋಶಗಳಿಗೆ ಹೆಚ್ಚೇನೂ ಆಗಿರಲಿಲ್ಲ. ಸಾರ ಕುಡಿದ ಇಲಿಯ ಪದರದಲ್ಲಿ ಸತ್ತ ಭಾಗ ತೀರ ಕಿರಿದು. ಅಂದು ರಾತ್ರಿ ಅಜ್ಜಿಗೆ ಕಾಗದ ಬರೆದೆ.

ನಡುವಿನ ಕೋಶಗಳೇ ಏಕೆ ಸಾಯುತ್ತವೆ? ಕಾರ್ಬನ್ ಟೆಟ್ರಾಕ್ಲೋರೈಡ್ ತಾನಾಗಿ ಅಷ್ಟು ಕೆಡುಕು ಮಾಡುವ ವಸ್ತುವಲ್ಲ. ಯಕೃತ್ತಿನಲ್ಲಿ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ಒಂದು ಕುಟುಂಬವಿದೆ. ಹೊರಗಿನಿಂದ ಬಂದ ರಾಸಾಯನಿಕಗಳನ್ನು ಒಡೆದು ಹೊರಹಾಕಲು ಸಿದ್ಧಮಾಡುವುದು ಅದರ ಕೆಲಸ. ಅವುಗಳಲ್ಲಿ 2ಇ1 ಎಂಬ ಒಂದು ಕಿಣ್ವ ಈ ವಸ್ತುವನ್ನು ಒಡೆಯಹೋಗಿ ಟ್ರೈಕ್ಲೋರೋಮೀಥೈಲ್ ಎಂಬ ಉಗ್ರ ತುಣುಕನ್ನು ಹುಟ್ಟಿಸುತ್ತದೆ. ಆ ತುಣುಕು ಕೋಶದ ಪೊರೆಯ ಕೊಬ್ಬಿಗೆ ಬೆಂಕಿ ಹಚ್ಚುತ್ತದೆ, ಬೆಂಕಿ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಈ ಕಿಣ್ವ ಹೆಚ್ಚಾಗಿರುವುದು ನಡುನಾಳದ ಸುತ್ತ; ಆದ್ದರಿಂದ ಸಾವೂ ಅಲ್ಲೇ.

ಇಷ್ಟು ತಿಳಿದ ಮೇಲೆ ಒಂದು ಅನುಮಾನ ಹುಟ್ಟಬೇಕಿತ್ತು, ನನಗೆ ಅಂದು ಹುಟ್ಟಲಿಲ್ಲ. ಏಳು ದಿನ ಕುಡಿಸಿದ ಸಾರ ಆ ಕಿಣ್ವವನ್ನೇ ತಡೆದಿದ್ದರೆ? ಆಗ ವಿಷ ವಿಷವಾಗಿ ಬದಲಾಗುವುದೇ ಇಲ್ಲ. ಇಲಿಯ ಯಕೃತ್ತು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಗಿಡ ಅಲ್ಲಿ ಗಾಯ ಮಾಯಿಸಿಲ್ಲ, ಕೋಶಕ್ಕೆ ಬಲ ಕೊಟ್ಟಿಲ್ಲ. ಒಂದು ಕಿಣ್ವದ ಕೈ ಕಟ್ಟಿದೆ, ಅಷ್ಟೆ. ಮನುಷ್ಯನಿಗೆ ಕಾಮಾಲೆ ತರುವ ವೈರಾಣುವಿಗೂ ಆ ಕಿಣ್ವಕ್ಕೂ ಯಾವ ಸಂಬಂಧವೂ ಇಲ್ಲ. ಬಟ್ಟೆ ಹರಿಯುವ ಯಂತ್ರದ ವಯರು ಕಿತ್ತರೆ ಬಟ್ಟೆ ಹರಿಯುವುದಿಲ್ಲ. ಹರಿದ ಬಟ್ಟೆ ಅದರಿಂದ ಕೂಡಿಕೊಳ್ಳುವುದೂ ಇಲ್ಲ.

ಎರಡನೆಯ ಮಾತು ಕಾಲದ್ದು. ನಮ್ಮ ಇಲಿಗೆ ಪೆಟ್ಟು ಬೀಳುವ ಮುಂಚೆ ಏಳು ದಿನ ಔಷಧ. ಮನುಷ್ಯ ಔಷಧಕ್ಕೆ ಬರುವುದು ಕಣ್ಣು ಹಳದಿಯಾದ ಮೇಲೆ. ಮುಂದಿನ ವಾರ ಕಾಮಾಲೆ ಬರುತ್ತದೆಂದು ಯಾರಿಗೆ ಗೊತ್ತಿರುತ್ತದೆ?

ಮೂರನೆಯದು ಅಳತೆ. ಇಲಿಗೆ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಸಾರ ಕೊಡುವುದು ಇಂಥ ಪ್ರಯೋಗಗಳಲ್ಲಿ ಮಾಮೂಲು. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸುವಾಗ ಸುಮಾರು ಆರರಿಂದ ಭಾಗಿಸುವುದು ರೂಢಿ. ಕಿಲೋಗೆ ಹತ್ತಿರ ಹತ್ತಿರ 65 ಮಿಲಿಗ್ರಾಂ ಆಯಿತು; 60 ಕಿಲೋ ತೂಕದವರಿಗೆ ದಿನಕ್ಕೆ ನಾಲ್ಕು ಗ್ರಾಂ ಸಾರ. ಹತ್ತು ಗ್ರಾಂ ಒಣಗಿಡಕ್ಕೆ ಒಂದು ಗ್ರಾಂ ಸಾರ ಇಳಿಯುತ್ತದೆ ಎಂದಿಟ್ಟುಕೊಂಡರೆ ದಿನವೂ ನಲವತ್ತು ಗ್ರಾಂ ಒಣ ನೆಲನೆಲ್ಲಿ ಬೇಕು. ಮಾರಾಟದ ಮಾತ್ರೆಯ ಲೇಬಲ್ ಓದಿ ಈ ಲೆಕ್ಕದ ಪಕ್ಕ ಇಟ್ಟು ನೋಡಿ.

ನನ್ನ ಕಾಮಾಲೆಗೆ ಮತ್ತೆ ಬರುತ್ತೇನೆ. ಜ್ವರ, ವಾಕರಿಕೆ, ಆಮೇಲೆ ಹಳದಿ. ಬಹುಶಃ ನೀರಿನಿಂದ ಹರಡುವ ಹೆಪಟೈಟಿಸ್ ಎ. ಮಕ್ಕಳಲ್ಲಿ ಇದು ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ವಾಸಿಮಾಡುವುದು ಯಕೃತ್ತೇ. 1931ರಲ್ಲಿ ಹಿಗಿನ್ಸ್ ಮತ್ತು ಆಂಡರ್ಸನ್ ಎಂಬ ಇಬ್ಬರು ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಭಾಗ ಕತ್ತರಿಸಿ ತೆಗೆದು ತೋರಿಸಿದ್ದನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ: ಉಳಿದ ಒಂದು ಭಾಗ ಬೆಳೆದು ಒಂದೆರಡು ವಾರದೊಳಗೆ ಹಳೆಯ ತೂಕಕ್ಕೆ ಬಂದಿತ್ತು. ಇಂಥ ಅಂಗ ತನ್ನ ಪಾಡಿಗೆ ಚೇತರಿಸಿಕೊಳ್ಳುತ್ತಿರುವಾಗ ಪಕ್ಕದಲ್ಲಿ ಯಾವ ಲೋಟವಿದ್ದರೂ ಹೆಸರು ಆ ಲೋಟಕ್ಕೆ ಹೋಗುತ್ತದೆ. ಅಜ್ಜಿಯ ಪಥ್ಯ, ವಿಶ್ರಾಂತಿ, ಎಳನೀರು, ತಲೆ ನೇವರಿಸಿದ ಕೈ ಎಲ್ಲವೂ ನನಗೆ ಆಸರೆಯಾದವು. ನೆಲನೆಲ್ಲಿಯ ಪಾಲು ಎಷ್ಟು ಎಂಬುದನ್ನು ಒಬ್ಬ ಹುಡುಗನಿಂದ ತಿಳಿಯಲಾಗುವುದಿಲ್ಲ.

ಅದನ್ನು ತಿಳಿಯುವ ದಾರಿ ಒಂದೇ. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಗಿಡ, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟು ನೋಡುವುದು. ನೆಲನೆಲ್ಲಿಗೆ ಆ ಗೌರವ ಸಿಕ್ಕಿತು. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜೊತೆಗಿದ್ದವರಲ್ಲಿ ಬರೂಚ್ ಬ್ಲಂಬರ್ಗ್ ಒಬ್ಬರು. ಹೆಪಟೈಟಿಸ್ ಬಿ ವೈರಾಣುವಿನ ಗುರುತನ್ನು ಕಂಡುಹಿಡಿದು 1976ರ ನೊಬೆಲ್ ಪಡೆದವರು. ಆ ವೈರಾಣುವನ್ನು ಮೈಯಲ್ಲಿ ಹೊತ್ತವರಿಗೆ ಮೂವತ್ತು ದಿನ ಒಣಗಿಸಿದ ನೆಲನೆಲ್ಲಿ ಕೊಟ್ಟರು. ಗಿಡ ಪಡೆದ 37 ಜನರಲ್ಲಿ 22 ಜನರ ರಕ್ತದಿಂದ ವೈರಾಣುವಿನ ಗುರುತು ಮಾಯವಾಯಿತು. ಹುಸಿಮಾತ್ರೆಯ 23 ಜನರಲ್ಲಿ ಒಬ್ಬರಿಗೆ ಮಾತ್ರ. ಆ ಪುಟಗಳನ್ನು ಗ್ರಂಥಾಲಯದಲ್ಲಿ ನಿಂತೇ ಓದಿ ಮುಗಿಸಿದೆ.

ಎರಡು ವರ್ಷದ ಮೇಲೆ, 1990ರಲ್ಲಿ, ಅದೇ ಪತ್ರಿಕೆಯಲ್ಲಿ ಥಾಯ್ಲೆಂಡಿನ ವೈದ್ಯರು ತಮ್ಮ ಪ್ರಯೋಗ ಪ್ರಕಟಿಸಿದರು. ಅದೇ ಜಾತಿಯ ಗಿಡ, ಅದೇ ಬಗೆಯ ರೋಗಿಗಳು. ವೈರಾಣು ಹೋಗಲಿಲ್ಲ. ಮುಂದೆ ಬೇರೆ ದೇಶಗಳಲ್ಲೂ ಮದರಾಸಿನ ಫಲ ಮರುಕಳಿಸಲಿಲ್ಲ. ಎಲ್ಲವನ್ನೂ ಒಟ್ಟಿಗೆ ತೂಗಿದ 2011ರ ಕೊಕ್ರೇನ್ ವಿಮರ್ಶೆ, ನಂಬತಕ್ಕ ಪುರಾವೆ ಇಲ್ಲ ಎಂದಿತು. ಮದರಾಸಿನವರು ತಪ್ಪು ಮಾಡಿದರೆಂದು ನಾನು ಹೇಳುವುದಿಲ್ಲ. ನಮ್ಮ ದೇಶದ ಗಿಡಕ್ಕೆ ಸರಿಯಾದ ಪ್ರಶ್ನೆ ಕೇಳುವ ಧೈರ್ಯ ಮಾಡಿದವರು ಅವರು. ಆ ಪ್ರಶ್ನೆಗೆ ಬಂದ ಉತ್ತರವನ್ನು ನಾವು ಪೂರ್ತಿ ಕೇಳಿಸಿಕೊಳ್ಳಬೇಕು. ಮೊದಲ ಅರ್ಧವನ್ನು ಮಾತ್ರ ಲೇಬಲ್ ಮೇಲೆ ಅಚ್ಚುಹಾಕುವುದು ಸಲ್ಲದು.

ಸೋಲಿಗೆ ಗಿಡದ ಜಾತಿ, ಬೆಳೆದ ನೆಲ, ಕೊಯ್ದ ಕಾಲ ಕಾರಣವಿರಬಹುದು ಎಂಬ ಮಾತು ಆಗಲೇ ಬಂದಿತ್ತು. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ನೆಲನೆಲ್ಲಿ ಎಂದು ನಾವು ಕರೆಯುವುದು ಒಂದು ಗಿಡವನ್ನಲ್ಲ. ಫಿಲಾಂಥಸ್ ಕುಲದಲ್ಲಿ ಒಂದನ್ನೊಂದು ಹೋಲುವ ಹಲವು ಜಾತಿಗಳಿವೆ. ನಮ್ಮ ಹಳೆಯ ಪುಸ್ತಕಗಳಲ್ಲಿ ಫಿಲಾಂಥಸ್ ನಿರೂರಿ ಎಂದು ಬರೆದಿರುವುದು ಬಹುತೇಕ ತಪ್ಪು. ನಿಜವಾದ ನಿರೂರಿ ಅಮೆರಿಕ ಖಂಡದ್ದು. ನಮ್ಮ ಹೊಲದ ಬದುವಿನಲ್ಲಿ ಹೆಚ್ಚಾಗಿ ಸಿಗುವ ಫಿಲಾಂಥಸ್ ಅಮಾರಸ್ ಕೂಡ ಕೆಲವು ಶತಮಾನಗಳ ಹಿಂದೆ ಅಲ್ಲಿಂದಲೇ ಬಂದದ್ದೆಂದು ಸಸ್ಯವಿಜ್ಞಾನಿಗಳ ಅಭಿಪ್ರಾಯ. ಹಾಗಾದರೆ ಪ್ರಾಚೀನ ವೈದ್ಯಗ್ರಂಥಗಳ ತಾಮಲಕಿ, ಭೂಮ್ಯಾಮಲಕಿ ಯಾವುದು? ಈ ಪ್ರಶ್ನೆ ನನ್ನನ್ನು ಬಹಳ ವರ್ಷದಿಂದ ಕಾಡುತ್ತಿದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಆರ್. ಉಮಾಶಂಕರ್, ಕೆ. ಎನ್. ಗಣೇಶಯ್ಯ ಮೊದಲಾದವರ ತಂಡ, ದಕ್ಷಿಣ ಭಾರತದ 25 ಗ್ರಂಧಿಗೆ ಅಂಗಡಿಗಳಿಂದ ನೆಲನೆಲ್ಲಿ ಕೊಂಡು ತಂದು ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಈ ಕೆಲಸವನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು. ಒಣಗಿ ಪುಡಿಯಾದ ಗಿಡದ ಗುರುತು ಕಣ್ಣಿಗೆ ಸಿಗದಿದ್ದಲ್ಲಿ ಡಿಎನ್‌ಎ ನೋಡಿದರು. ನೂರಕ್ಕೆ 76ರಷ್ಟು ಮಾದರಿಗಳಲ್ಲಿ ಬಹುಪಾಲು ಅಮಾರಸ್ಸೇ ಇತ್ತು. ಉಳಿದ 24ರಲ್ಲಿ ಬೇರೆ ಐದು ಜಾತಿಗಳು ಸಿಕ್ಕವು. ಮೋಸಕ್ಕೆಂದೇ ಬೆರೆಸಿದ್ದಲ್ಲ, ಕಿತ್ತು ತರುವ ಹೆಂಗಸಿಗೆ ಅವೆಲ್ಲವೂ ನೆಲನೆಲ್ಲಿಯೇ. ಆದರೆ ಫಿಲಾಂಥಿನ್ ಎಂಬ, ಯಕೃತ್ತಿಗೆ ಹಿತವೆಂದು ನಾವು ಅಳೆಯುವ ವಸ್ತು ಎಲ್ಲದರಲ್ಲೂ ಒಂದೇ ಮಟ್ಟದಲ್ಲಿಲ್ಲ.

ಹಾಗಾದರೆ ಗಿಡದ ಸಾರ ಅಂಗವನ್ನು ಕಾಪಾಡಿದ್ದು ಸುಳ್ಳೇ? ಅಲ್ಲ. ಒಂದು ಕಡೆ ಅದು ನಿಚ್ಚಳವಾಗಿ ಅರ್ಥವಾಗುತ್ತದೆ.

ಯುರೋಪಿನ ಕಾಡುಗಳಲ್ಲಿ ಅಮಾನಿಟಾ ಫಲ್ಲಾಯ್ಡಿಸ್ ಎಂಬ ತಿಳಿಹಸಿರು ಅಣಬೆ ಬೆಳೆಯುತ್ತದೆ. ಒಂದು ಅಣಬೆ ಸಾಕು, ಒಬ್ಬ ವಯಸ್ಕನ ಪ್ರಾಣ ಹೋಗಬಹುದು. ತಿಂದು ಆರರಿಂದ ಹನ್ನೆರಡು ಗಂಟೆ ಏನೂ ತಿಳಿಯುವುದಿಲ್ಲ. ಆಮೇಲೆ ವಾಂತಿಭೇದಿ. ಅದು ನಿಂತು ಒಂದು ದಿನ ಗುಣವಾದಂತೆ ಕಾಣುತ್ತದೆ. ಒಳಗೆ ಯಕೃತ್ತು ಸಾಯುತ್ತಿರುತ್ತದೆ. ಅಮಾನಿಟಿನ್ ಎಂಬ ಈ ವಿಷ ಕೋಶದೊಳಗೆ ಹೋಗಿ, ಜೀನಿನಿಂದ ಸಂದೇಶ ನಕಲಾಗುವ ಯಂತ್ರವನ್ನೇ ನಿಲ್ಲಿಸುತ್ತದೆ. ಹೊಸ ಪ್ರೋಟೀನು ಹುಟ್ಟುವುದಿಲ್ಲ.

ಮೆಡಿಟರೇನಿಯನ್ ಪ್ರದೇಶದಲ್ಲಿ ನೇರಳೆ ಹೂವಿನ ಒಂದು ಮುಳ್ಳುಗಿಡವಿದೆ, ಸಿಲಿಬಮ್ ಮೇರಿಯಾನಮ್. ಎಲೆಯ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಗೆರೆ. ಅದರ ಬೀಜದ ಸಾರ ಸಿಲಿಮರಿನ್. ನಮ್ಮ ಇಲಿ ಪ್ರಯೋಗಗಳಲ್ಲಿ ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಕೊಡುವುದು ಇದನ್ನೇ. ಅದರ ಮುಖ್ಯ ಅಂಶ ಸಿಲಿಬಿನಿನ್ ಅನ್ನು ರಕ್ತನಾಳಕ್ಕೆ ನೇರವಾಗಿ ಕೊಡುವಂತೆ ಜರ್ಮನಿಯಲ್ಲಿ ರೂಪಿಸಿದರು. ಅಣಬೆಯ ವಿಷ ಯಕೃತ್ತಿನ ಕೋಶದೊಳಗೆ ಹೋಗುವುದು ಒಂದು ಬಾಗಿಲಿನಿಂದ, ಪಿತ್ತಲವಣಗಳಂಥವನ್ನು ಒಳಗೆ ಕರೆದೊಯ್ಯುವ ಒಂದು ಸಾಗಣೆ ಪ್ರೋಟೀನಿನಿಂದ. ಸಿಲಿಬಿನಿನ್ ಆ ಬಾಗಿಲನ್ನು ಅಡ್ಡಗಟ್ಟುತ್ತದೆ. ಆದರೆ ಇಲ್ಲೂ ರೋಗಿ ಬರುವುದು ತಡವಾಗಿಯೇ ಅಲ್ಲವೇ? ಇಲ್ಲಿದೆ ಸೊಗಸು. ಈ ವಿಷ ಯಕೃತ್ತಿನಿಂದ ಪಿತ್ತದೊಡನೆ ಕರುಳಿಗೆ ಇಳಿಯುತ್ತದೆ, ಕರುಳಿನಿಂದ ರಕ್ತಕ್ಕೆ ಸೇರಿ ಮತ್ತೆ ಯಕೃತ್ತಿಗೆ ಬರುತ್ತದೆ. ಪ್ರತಿ ಸುತ್ತಿನಲ್ಲೂ ಹೊಸ ಪೆಟ್ಟು. ಹಾಗಾಗಿ ಎರಡನೆಯ ದಿನ ಬಾಗಿಲು ಮುಚ್ಚಿದರೂ ಮುಂದಿನ ಸುತ್ತಿನ ಪೆಟ್ಟು ತಪ್ಪುತ್ತದೆ. ಪ್ರಾಣ ಹೋಗುತ್ತಿರುವವರನ್ನು ಹುಸಿಮಾತ್ರೆಯ ಗುಂಪಿಗೆ ಹಾಕಲಾಗದ ಕಾರಣ ಕಟ್ಟುನಿಟ್ಟಿನ ಹೋಲಿಕೆ ಇಲ್ಲಿ ಆಗಿಲ್ಲ. ಆದರೂ ಆಸ್ಪತ್ರೆಗಳು ಇದನ್ನು ಬಳಸುತ್ತವೆ, ಏಕೆಂದರೆ ಯಾವ ವಿಷ, ಯಾವ ಬಾಗಿಲು, ಯಾವ ಹೊತ್ತು ಎಂಬುದು ಗೊತ್ತಿದೆ.

ಅದೇ ಸಿಲಿಮರಿನ್ ಅನ್ನು ಅಮೆರಿಕದಲ್ಲಿ ಹೆಪಟೈಟಿಸ್ ಸಿ ಇದ್ದ 154 ಜನರ ಮೇಲೆ ಹುಸಿಮಾತ್ರೆಯ ಎದುರು ಇಟ್ಟು 24 ವಾರ ನೋಡಿದರು. 2012ರಲ್ಲಿ ಫಲ ಬಂತು: ವ್ಯತ್ಯಾಸವಿಲ್ಲ. ಒಂದೇ ಬೀಜ, ಒಂದೇ ಅಂಗ, ಪೆಟ್ಟು ಬೇರೆ. 'ಲಿವರ್‌ಗೆ ಒಳ್ಳೆಯದು' ಎಂಬ ಮಾತಿಗೆ ಅರ್ಥವೇ ಇಲ್ಲ ಎಂದು ನನಗೆ ಕಲಿಸಿದ್ದು ಈ ಎರಡು ಪ್ರಸಂಗಗಳು.

ಆ ಮಾತನ್ನು ನಾನೂ ಒಮ್ಮೆ ಆಡಿದ್ದೇನೆ. ಸೋದರಮಾವನಿಗೆ ಅರವತ್ತರ ಹತ್ತಿರ ಕಣ್ಣು ಹಳದಿಯಾಯಿತು. ಊರಿನಿಂದ ಫೋನ್ ಮಾಡಿದರು. "ನೆಲನೆಲ್ಲಿ ತಗೋತಾ ಇದೀನಿ ಕಣೋ, ಪರವಾಗಿಲ್ವಾ?" ಎಂದರು. "ತಗೊಳ್ಳಿ ಮಾವ, ಲಿವರ್‌ಗೆ ಒಳ್ಳೇದು" ಎಂದೆ. ಜ್ವರ ಬಂದಿತ್ತೇ ಎಂದು ಕೇಳಲಿಲ್ಲ. ಮೈಯೆಲ್ಲ ತುರಿಕೆ ಇದೆಯೇ, ಮಲ ಸುಣ್ಣದಂತೆ ಬಿಳಿಚಿಕೊಂಡಿದೆಯೇ ಎಂದು ಕೇಳಲಿಲ್ಲ. ತುರಿಕೆ, ಬಿಳಿಚಿದ ಮಲ ಎರಡೂ ಇದ್ದವು. ಅಂದರೆ ಯಕೃತ್ತು ಪಿತ್ತವನ್ನು ಮಾಡುತ್ತಲೇ ಇತ್ತು, ಹರಿದುಹೋಗುವ ನಾಳ ಎಲ್ಲೋ ಕಟ್ಟಿತ್ತು. ಎರಡು ತಿಂಗಳಾದ ಮೇಲೆ ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕದ ತಲೆಯಲ್ಲಿ ಗಡ್ಡೆ. ಕಾಮಾಲೆ ಒಂದು ರೋಗವಲ್ಲ, ಹಲವು ರೋಗಗಳ ಒಂದು ಬಣ್ಣ. ಎರಡು ತಿಂಗಳ ಮೊದಲು ತಿಳಿದಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಕೇಳಬೇಕಾದ ಪ್ರಶ್ನೆಗಳನ್ನು ನಾನು ಕೇಳಲಿಲ್ಲ ಎಂಬುದು ಮಾತ್ರ ನನ್ನ ಜೊತೆಗೇ ಇದೆ.

ನೆಲನೆಲ್ಲಿ ಮಾವನಿಗೆ ಕೆಡುಕು ಮಾಡಲಿಲ್ಲ. ಆದರೆ ಗಿಡವೇ ಅಂಗಕ್ಕೆ ಪೆಟ್ಟು ಕೊಡುವುದೂ ಉಂಟು. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿಯ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು ಆರು ಜನರ ಯಕೃತ್ತಿನ ಹಾನಿಯನ್ನು ವರದಿ ಮಾಡಿದರು. ಗಿಡದ ಗುರುತನ್ನೇ ಸರಿಯಾಗಿ ಪರೀಕ್ಷಿಸಿಲ್ಲ ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಬಂತು. ಅನೇಕರಲ್ಲಿ ಸ್ವಂತ ರೋಗನಿರೋಧಕ ಶಕ್ತಿಯೇ ಯಕೃತ್ತಿನ ಮೇಲೆ ಬಿದ್ದಂತಿತ್ತು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಕುಡಿದದ್ದನ್ನು ನೆನೆದರೆ ಇದು ಆಶ್ಚರ್ಯವಲ್ಲ. ಗ್ರೀನ್ ಟೀಯನ್ನೇ ನೋಡಿ: ಅದನ್ನು ಕುಡಿದವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅದರ ಸಾರವನ್ನು ಮಾತ್ರೆಯಲ್ಲಿ ದಟ್ಟವಾಗಿ ತುಂಬಿ ಅದರಲ್ಲಿರುವ ಇಜಿಸಿಜಿ ಎಂಬ ಅಂಶವನ್ನು ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಯಕೃತ್ತಿನ ಕಿಣ್ವಗಳು ಏರಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಕಷಾಯ ಬೇರೆ, ಸಾರ ಬೇರೆ.

ಮೂತ್ರಪಿಂಡದ ಕಥೆ ಇನ್ನೂ ಕಠೋರ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೆಳ್ಳಗಾಗಲು ಚೀನೀ ಮೂಲಿಕೆ ನುಂಗಿದ ಹೆಂಗಸರ ಮೂತ್ರಪಿಂಡಗಳು ಒಬ್ಬರಾದ ಮೇಲೊಬ್ಬರಲ್ಲಿ ಸುಕ್ಕಾದವು. ನೂರಕ್ಕೂ ಹೆಚ್ಚು ಜನ. 'ಫಾಂಗ್ ಜಿ' ಎಂಬ ಹೆಸರು ಎರಡು ಗಿಡಗಳಿಗಿತ್ತು. ಸ್ಟೆಫಾನಿಯಾ ಬರಬೇಕಾದಲ್ಲಿ ಅರಿಸ್ಟೊಲೋಕಿಯಾ ಬಂದಿತ್ತು. ಆಮೇಲೆ ಅದೇ ಹೆಂಗಸರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್. ನಮ್ಮ ಈಶ್ವರಿ ಬಳ್ಳಿ ಇದೇ ಅರಿಸ್ಟೊಲೋಕಿಯಾ ಕುಲದ್ದು. ಹಾವು ಕಚ್ಚಿದವರಿಗೆ ಅದರ ಬೇರು ತೇಯ್ದು ಕುಡಿಸುವ ರೂಢಿ ಇತ್ತು. ನಮ್ಮ ರಾಜ್ಯದ ಚಿಟ್ಟೆಯೆಂದು ಘೋಷಿತವಾದ ಸದರ್ನ್ ಬರ್ಡ್‌ವಿಂಗ್‌ನ ಹುಳುವಿಗೂ ಈ ಬಳ್ಳಿಯೇ ಮೇವು. ಎಲೆಯ ವಿಷವನ್ನು ಮೈಯಲ್ಲಿ ತುಂಬಿಕೊಂಡು ಅದು ಹಕ್ಕಿಗಳಿಂದ ಪಾರಾಗುತ್ತದೆ. ಬಳ್ಳಿ ನಿಜವಾಗಿ ಯಾರನ್ನಾದರೂ ಕಾಪಾಡಿದ್ದರೆ ಆ ಹುಳುವನ್ನು.

ಮಾತು ಮುಗಿಯಿತು. ವೇದಿಕೆಯ ಎಡಕ್ಕೆ ಮೇಜಿನ ಮೇಲೆ ಮೂರು ಹಾಳೆಗಳಿವೆ, ಒಣಗಿಸಿ ಅಂಟಿಸಿದ ಮೂರು ಗಿಡ. ಮೂರೂ ಈ ಊರಿನ ಕೆರೆ ಏರಿಯ ಮೇಲೆ ನಿನ್ನೆ ಮೊನ್ನೆ ಸಿಕ್ಕವು, ಮೂರನ್ನೂ ಇಲ್ಲಿ ನೆಲನೆಲ್ಲಿ ಎಂದೇ ಕರೆಯುತ್ತಾರೆ. ಪಕ್ಕದಲ್ಲಿ ಒಂದು ಭೂತಗನ್ನಡಿ ಇಟ್ಟಿದ್ದೇನೆ. ಮೊದಲನೆಯದು ಅಮಾರಸ್. ಕಡ್ಡಿಯನ್ನು ಮಗುಚಿ ನೋಡಿದರೆ ಎಲೆಯ ಅಡಿಯಲ್ಲಿ ಪುಟ್ಟ ತೊಟ್ಟಿನಿಂದ ತೂಗುವ ನುಣುಪು ಕಾಯಿ, ಹೂವಿಗೆ ಐದು ಎಸಳು. ಎರಡನೆಯದು ಫಿಲಾಂಥಸ್ ಯುರಿನೇರಿಯಾ. ಕಾಂಡ ಕೆಂಪು, ಕಾಯಿ ತೊಟ್ಟೇ ಇಲ್ಲದಂತೆ ಕಡ್ಡಿಗೆ ಅಂಟಿರುತ್ತದೆ, ಮೈ ಒರಟು. ಮೂರನೆಯದರ ಹೆಸರು ಬರೆದಿಲ್ಲ. ಹೂವಿನ ಎಸಳು ಎಣಿಸಿ, ಕಾಯಿಯ ಮೈ ಮುಟ್ಟಿ ನೋಡಿ ನೀವೇ ಹೇಳಬೇಕು. ಸಭಾಂಗಣದ ಬೀಗ ಹಾಕುವವರೆಗೂ ನಾನು ಅಲ್ಲೇ ಇರುತ್ತೇನೆ.